ಮಳೆಗಾಲದಲ್ಲಿ ಮಂಕಾದ ಮನಸ್ಸಿಗೆ ಬೆಳಗಿನ ಬೆಳಕು ಹಿಡಿಯುವುದು ಹೇಗೆ?

ಹಗಲು ಗಿಡ್ಡವಾದಾಗ ಕೆಲವರನ್ನು ಕವಿಯುವ ಚಳಿಗಾಲದ ಖಿನ್ನತೆಯ ವಿವರ 1984ರಲ್ಲಿ ಅಮೆರಿಕದಿಂದ ಬಂತು. ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಬರೆದದ್ದು. ಅಲ್ಲಿ ಡಿಸೆಂಬರ್ ಹಗಲು ತೀರಾ ಗಿಡ್ಡ. ನಮ್ಮ ಕಾರವಾರ, ಶಿರಸಿಯಲ್ಲಿ ಆಗಲೂ 11 ತಾಸಿಗಿಂತ ಜಾಸ್ತಿ ಹಗಲು, ಬಿಸಿಲೂ ಧಾರಾಳ. ನಮಗೆ ಕತ್ತಲು ಕವಿಯುವುದು ಜೂನ್‌ನಿಂದ. ವರ್ಷದ ಅತಿ ಉದ್ದದ ಹಗಲು ಅದೇ ತಿಂಗಳಲ್ಲಿ, ಆದರೆ ಸೂರ್ಯನ ಪತ್ತೆ ಇಲ್ಲ. ಆಷಾಢದ ಹೊತ್ತಿಗೆ ಕೆಲವರಿಗೆ ಹಾಸಿಗೆ ಬಿಡಲು ಮನಸ್ಸಿಲ್ಲ, ಮಾತು ಬೇಡ. ಎಲ್ಲರದ್ದೂ ಕಾಯಿಲೆಯಲ್ಲ. ಆದರೂ ಕೆಳಗಿನ ಕ್ರಮ ಯಾರು ಬೇಕಾದರೂ ಮಾಡಬಹುದು.

ಮೊದಲನೆಯದು, ದಿನಾ ಒಂದೇ ಹೊತ್ತಿಗೆ ಏಳಿ. ಭಾನುವಾರವೂ.

ಎರಡನೆಯದು ಬೆಳಕು. ಎಲ್ಲರೂ ಎಡವುವುದು ಇಲ್ಲೇ. ‘ದಿನವಿಡೀ ಜಗಲಿಯಲ್ಲೇ ಕೂತಿರ್ತೇನೆ, ಬೆಳಕಿಗೇನು ಕಮ್ಮಿ?’ ಅನ್ನುತ್ತಾರೆ. ಜಗಲಿಯ ಎದುರು ಇರಚಲು ಹೊಡೆಯದಂತೆ ನೀಲಿ ತಾಡಪಾಲು ಕಟ್ಟಿರುತ್ತದೆ! ಬೆಳಕಿನ ಅಳತೆ ಲಕ್ಸ್. ಬಿರುಬಿಸಿಲಲ್ಲಿ ಅದು ಒಂದು ಲಕ್ಷದವರೆಗೂ ಹೋಗುತ್ತದೆ. ಮೋಡದ ದಿನ ಬಯಲಲ್ಲಿ ಕೆಲವು ಸಾವಿರ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕೆಲವು ನೂರು ಅಷ್ಟೇ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುತ್ತದೆ, ಹಾಗಾಗಿ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ನಿದ್ದೆ, ಎಚ್ಚರ ನಡೆಸುವ ಮೈಯೊಳಗಿನ ಗಡಿಯಾರಕ್ಕೆ ಗೊತ್ತಾಗುತ್ತದೆ.

ಹಾಗಾಗಿ ಎದ್ದ ಒಂದು ತಾಸಿನೊಳಗೆ ಹೊರಗೆ ಹೋಗಿ. ತಲೆಯ ಮೇಲೆ ಆಕಾಶ ಕಾಣಬೇಕು. ಅಡಿಕೆ ತೋಟ ಲೆಕ್ಕಕ್ಕಿಲ್ಲ, ಅದರೊಳಗೆ ಬೇಸಿಗೆಯಲ್ಲೂ ನೆರಳೇ. ಬೇಣಕ್ಕೋ (ಹುಲ್ಲುಗಾವಲು) ಗದ್ದೆ ಬಯಲಿಗೋ ಹೋಗಿ. ಉಂಬಳದ (ಜಿಗಣೆಯ) ಕಾಟವಿದ್ದರೆ ಡಾಂಬರು ರಸ್ತೆ ಹಿಡಿಯಿರಿ. ಕಾರವಾರದವರಿಗೆ ಟ್ಯಾಗೋರ್ ಕಡಲತೀರವೇ ಇದೆ, ಅಲೆಯಿಂದ ದೂರವಿರಿ ಅಷ್ಟೇ. ಕರಿ ಕೊಡೆಗಿಂತ ರೇನ್‌ಕೋಟ್ ವಾಸಿ. ಕನಿಷ್ಠ ಅರ್ಧ ತಾಸು, ಮೋಡ ದಟ್ಟವಾಗಿದ್ದರೆ ಒಂದು ತಾಸು. ಸಂಜೆಯ ವಾಕಿಂಗ್ ಒಳ್ಳೆಯದೇ, ಆದರೆ ಅದು ಬೆಳಗಿನದಕ್ಕೆ ಬದಲಿಯಲ್ಲ. ಮಳೆ ಬಿಡದೇ ಹೊಯ್ಯುತ್ತಿದ್ದರೆ ತಾಡಪಾಲು ಸ್ವಲ್ಪ ಸರಿಸಿ, ಜಗಲಿಯ ತುದಿಯಲ್ಲಿ ಕುರ್ಚಿ ಹಾಕಿ ಕಷಾಯ ಕುಡಿಯಿರಿ. ಕಾಲು ಒದ್ದೆಯಾದರೆ ಆಗಲಿ.

ಆನ್‌ಲೈನಿನಲ್ಲಿ ಸಿಗುವ ‘ಥೆರಪಿ ಲ್ಯಾಂಪ್’, ಅಂದರೆ ಬೆಳಕಿನ ಚಿಕಿತ್ಸೆಯ ಪ್ರಖರ ದೀಪದ ಬಗ್ಗೆ ಒಂದು ಮಾತು. ವೈದ್ಯರು ಹೇಳುವ ಪ್ರಮಾಣ 10,000 ಲಕ್ಸ್, ಬೆಳಿಗ್ಗೆ ಅರ್ಧ ತಾಸು. ಡಬ್ಬಿಯ ಮೇಲೆ ಆ ಅಂಕಿ ದೊಡ್ಡದಾಗಿರುತ್ತದೆ. ಎಷ್ಟು ದೂರದಲ್ಲಿ ಕೂತರೆ ಅಷ್ಟು ಬೆಳಕು ಸಿಗುತ್ತದೆ ಎಂದು ಬರೆದಿಲ್ಲವೋ, ಕೊಳ್ಳಬೇಡಿ. ಸಣ್ಣ ದೀಪವಾದರೆ ಮುಖಕ್ಕೆ ಅಂಟಿಸಿಕೊಂಡೇ ಕೂರಬೇಕಾದೀತು. ಮೇಲಾಗಿ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇದ್ದರೆ ತಾನೇ? ಕಣ್ಣಿನ ತೊಂದರೆ ಇರುವವರು, ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗುವುದು) ಇರುವವರು ವೈದ್ಯರನ್ನು ಕೇಳದೇ ಈ ದೀಪ ಮುಟ್ಟಬಾರದು. ವಿಟಮಿನ್ ಡಿ ಮಾತ್ರೆಯನ್ನೂ ಪರೀಕ್ಷೆ ಮಾಡಿಸಿಯೇ ನುಂಗಿ. ಅದು ಬೆಳಕಿಗೆ ಬದಲಿಯಲ್ಲ.

ಮೂರನೆಯದು, ಊಟವಾದ ಮೇಲೆ ಕಂಬಳಿ ಹೊದ್ದು ಮೂರು ತಾಸು ಮಲಗುವುದು ಬಿಡಿ. 20 ನಿಮಿಷ ಸಾಕು.

ನಾಲ್ಕನೆಯದು ಜನರ ಒಡನಾಟ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕೈಯಲ್ಲಿ ಕೆಲಸವೂ ಕಾಸೂ ಇಲ್ಲದ ದಿನಗಳವು. ಬಲೆ ರಿಪೇರಿ ಇದ್ದರೆ ಒಬ್ಬರೇ ಕೂರಬೇಡಿ, ನಾಲ್ಕು ಜನರ ಜೊತೆ ಮಾಡಿ. ಘಟ್ಟದ ಮೇಲಿನವರು ಅಡಿಕೆಯ ಕೊಳೆರೋಗದ ಚಿಂತೆಯನ್ನು ಒಳಗೇ ಇಟ್ಟುಕೊಳ್ಳದೆ ಪಕ್ಕದ ತೋಟದವರ ಹತ್ತಿರ ಹೇಳಿಕೊಳ್ಳಿ. ‘ಥಂಡಿಗೆ ಒಂದು ಪೆಗ್’ ಮಾತ್ರ ಬೇಡವೇ ಬೇಡ. ನಿದ್ದೆ ಕೆಡುತ್ತದೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ.

ಎರಡು ವಾರ ಸತತವಾಗಿ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ, ಹಸಿವು ಏರುಪೇರಾಗಿದೆ ಎಂದಾದರೆ ಬಿಸಿಲಿಗೆ ಕಾಯಬೇಡಿ. ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ವೈದ್ಯರ ಬಳಿ ಹೋಗಿ. ಔಷಧಿ ಶುರುವಾದ ಮೇಲೆ, ಸೆಪ್ಟೆಂಬರಿನಲ್ಲಿ ಬಿಸಿಲು ಬಂತು ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.