ಒಂದು ‘ಎ’ ಬಿಟ್ಟಿದ್ದಕ್ಕೆ ಹಳ್ಳ ಬತ್ತಿತ್ತು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ. ಎರಡೇ ಕೋಣೆ. ಅಡಿಕೆ ತೋಟದ ಕೆಳಗೆ ಹಳ್ಳ ಹರಿಯುತ್ತದೆ, ಬಂದವರಿಗೆ ಅದೇ ಇಷ್ಟ. ಒಂದು ಜನವರಿಯಲ್ಲಿ ಹೊರರಾಜ್ಯದವರೊಬ್ಬರು ಹಳ್ಳದಲ್ಲಿ ನೀರಿದೆಯಾ ಎಂದು ವಾಟ್ಸಾಪಿನಲ್ಲಿ ಕೇಳಿದರು. ಮಕ್ಕಳು ಕಾಲು ಇಳಿಬಿಟ್ಟು ಕೂರುವಷ್ಟು ನೀರಿತ್ತು. ‘ದೇರ್ ಈಸ್ ಲಿಟಲ್ ವಾಟರ್’ ಎಂದು ಬರೆದೆ. ಅವರು ಬರಲಿಲ್ಲ.

ರಜೆಗೆ ಬಂದ ಮಗಳು ಅದನ್ನು ಓದಿದಳು. ‘ಅಮ್ಮಾ, ನೀರು ಇಲ್ಲವೇ ಇಲ್ಲ ಅನ್ನೋ ಹಾಗೆ ಬರೆದಿದ್ದೀಯಲ್ಲ! ಎ ಲಿಟಲ್ ಅನ್ನಬೇಕಿತ್ತು.’

ಒಂದೇ ಅಕ್ಷರ. ಬೇಜಾರಾಯಿತು. ಆದರೆ ಕೂತು ಯೋಚಿಸಿದರೆ ಈ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ. ‘ಹಾಲು ಸ್ವಲ್ಪ ಇದೆ’ ಅಂದರೆ ಕಾಫಿ ಮಾಡಬಹುದು. ‘ಹಾಲು ಸ್ವಲ್ಪವೇ ಇದೆ’ ಅಂದರೆ ಸಾಲುವುದಿಲ್ಲ. ನಾವು ಕೊನೆಗೊಂದು ‘ಏ’ ಸೇರಿಸಿ ಕಮ್ಮಿ ಮಾಡುತ್ತೇವೆ, ಇಂಗ್ಲಿಷಿನವರು ಮುಂದಿನ ‘ಎ’ ತೆಗೆದು ಕಮ್ಮಿ ಮಾಡುತ್ತಾರೆ. ‘ಎ ಫ್ಯೂ’ ಅಂದರೆ ಕೆಲವು, ಬರೀ ‘ಫ್ಯೂ’ ಅಂದರೆ ಕೆಲವೇ. ಇದು ಹೊಳೆದ ಮೇಲೆ ನನಗೆ ಒಮ್ಮೆಯೂ ತಪ್ಪಿಲ್ಲ.

ಎಲ್ಲಿ ಲಿಟಲ್, ಎಲ್ಲಿ ಫ್ಯೂ? ಎಲ್ಲಿ ಮಚ್, ಎಲ್ಲಿ ಮೆನಿ? ಎಣಿಸಲು ಬಂದರೆ ಫ್ಯೂ ಮತ್ತು ಮೆನಿ, ಬಾರದಿದ್ದರೆ ಲಿಟಲ್ ಮತ್ತು ಮಚ್ ಎಂದು ಶಾಲೆಯಲ್ಲಿ ಕಲಿತಿದ್ದೆ. ದುಡ್ಡಿನ ಮಾತು ಬಂದಾಗೆಲ್ಲ ಎಡವುತ್ತಿದ್ದೆ. ದುಡ್ಡನ್ನು ದಿನಾ ಎಣಿಸುತ್ತೇವೆ, ಅಲ್ವಾ? ಆದರೂ ಅದು ‘ಹೌ ಮಚ್ ಮನಿ’. ನಮ್ಮ ‘ಎಷ್ಟು’ ಕೂಡ ಸಹಾಯಕ್ಕೆ ಬರುವುದಿಲ್ಲ. ಎಷ್ಟು ನೀರು, ಎಷ್ಟು ಬಾಳೆಹಣ್ಣು, ಎರಡಕ್ಕೂ ಅದೇ.

ನನ್ನ ಕೈ ಹಿಡಿದದ್ದು ‘ಕೆಲವು’. ಕೆಲವು ಬಾಳೆಹಣ್ಣು ಅನ್ನಬಹುದು. ಕೆಲವು ನೀರು, ಕೆಲವು ದುಡ್ಡು ಅಂತ ಯಾರೂ ಅನ್ನುವುದಿಲ್ಲ. ಹಾಗಾಗಿ ಬರೆಯುವ ಮುಂಚೆ ಮನಸ್ಸಿನಲ್ಲೇ ‘ಕೆಲವು’ ಹಚ್ಚಿ ನೋಡುತ್ತೇನೆ. ಒಪ್ಪಿದರೆ ಮೆನಿ, ಒಪ್ಪದಿದ್ದರೆ ಮಚ್.

ಅಳತೆ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಬಂದವರೆಲ್ಲ ಮಳೆಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಮಳೆಗೆ ‘ಹೌ ಮಚ್ ರೇನ್’, ಇಂಚಿಗೆ ‘ಹೌ ಮೆನಿ ಇಂಚಸ್’. ಅಡಿಕೆ ಕ್ವಿಂಟಾಲಿಗೂ ಹಾಗೇ ಮೆನಿ. ಕಾಫಿ ಇನ್ನೂ ಚೆಂದ. ‘ಹೌ ಮೆನಿ ಕಾಫೀಸ್’ ಅಂದರೆ ಎಷ್ಟು ಲೋಟ, ‘ಹೌ ಮಚ್ ಕಾಫಿ’ ಅಂದರೆ ಎಷ್ಟು ಪುಡಿ. ಎರಡೂ ಸರಿ, ಅಡುಗೆಮನೆಯಲ್ಲಿ ಎರಡೂ ಬೇಕು.

ಗೊಂದಲವಾದರೆ ‘ಎ ಲಾಟ್ ಆಫ್’ ಬರೆಯುತ್ತೇನೆ, ಎರಡೂ ಕಡೆ ನಡೆಯುತ್ತದೆ. ‘ವಿ ಹ್ಯಾವ್ ಮಚ್ ರೇನ್’ ಅನ್ನುವುದಕ್ಕಿಂತ ‘ಎ ಲಾಟ್ ಆಫ್ ರೇನ್’ ಸಹಜವಾಗಿಯೂ ಕೇಳುತ್ತದೆ.

‘ಕೆಲವು’ ಕೈಕೊಡುವ ಪದಗಳೂ ಇವೆ. ಕೆಲವು ಸಲಹೆ, ಕೆಲವು ಮಾಹಿತಿ, ಕೆಲವು ಸುದ್ದಿ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್ಫರ್ಮೇಶನ್, ನ್ಯೂಸ್ ಮೂರಕ್ಕೂ ಮಚ್. ಇದಕ್ಕೆ ಉಪಾಯವಿಲ್ಲ, ಸುಮ್ನೆ ಬಾಯಿಪಾಠ. ಅಂಥವನ್ನು ಚೀಟಿಯಲ್ಲಿ ಬರೆದು ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಮೊದಲು ಬರೆದದ್ದು ಲಗೇಜ್. ಹೋದ ವಾರ ಫರ್ನಿಚರ್ ಸೇರಿಸಿದೆ.