ಗುಲಾಬಿಗೆ ಒಂದು ಕತ್ತರಿ, ಸೇಬಿಗೆ ಇನ್ನೊಂದು

ಹೊಸದಾಗಿ ಮನೆ ಕಟ್ಟಿಸಿದವರು ಹಿತ್ತಲಲ್ಲಿ ಉಳಿದ ಹತ್ತಡಿ ಜಾಗವನ್ನು ತೋರಿಸಿ, ಇಲ್ಲಿ ಗುಲಾಬಿ ಹಾಕಲೇ, ಸೇಬಿನ ಗಿಡ ಹಾಕಲೇ ಎಂದು ಕೇಳುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಹಿಂದೆ ಇಂಥ ಜಿಜ್ಞಾಸೆ ಮಲ್ಲಿಗೆಗೂ ಕರಿಬೇವಿಗೂ ನಡುವೆ ನಡೆಯುತ್ತಿತ್ತು. ಬೆಂಗಳೂರಿನ ಈ ಮನೆಯಲ್ಲಿ ನಾನು ಮೂವತ್ತು ವರ್ಷಗಳಿಂದ ಗುಲಾಬಿಯನ್ನೂ ಎಂಟು ವರ್ಷಗಳಿಂದ ಎರಡು ಸೇಬಿನ ಮರಗಳನ್ನೂ ಸಾಕಿಕೊಂಡು ಬಂದಿರುವುದರಿಂದ, ಕೇಳಿದವರಿಗೆ ಹೇಳುವುದು ಇಷ್ಟೇ: ಒಂದೇ ಒಂದು ಗಿಡಕ್ಕೆ ಜಾಗವಿದ್ದರೆ ಗುಲಾಬಿ ಹಾಕಿ. ಸೇಬು ಬೇಕೇ ಬೇಕೆನ್ನುವವರು ಎರಡು ಗಿಡಗಳಿಗೆ ಜಾಗವನ್ನೂ ಮೂರು ವರ್ಷಗಳ ತಾಳ್ಮೆಯನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಈ ಎರಡೂ ಗಿಡಗಳು ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು ಎಂಬುದು ಹಲವರಿಗೆ ತಿಳಿದಿಲ್ಲ. ಕಾಡು ಗುಲಾಬಿಗೂ ಸೇಬಿನ ಹೂವಿಗೂ ಐದೈದೇ ಎಸಳು. ಬಾಡಿದ ಗುಲಾಬಿಯನ್ನು ಕೀಳದೆ ಬಿಟ್ಟರೆ ಕೆಲವು ತಳಿಗಳಲ್ಲಿ ತೊಟ್ಟಿನ ಮೇಲೆ ಗೋಲಿಯಷ್ಟು ಗಾತ್ರದ ಕೆಂಪು ಕಾಯಿ ಕಟ್ಟುತ್ತದೆ. ಸೇಬಿನ ಬುಡದಲ್ಲಿ ಇರುವ ಹಾಗೆಯೇ ಅದರ ತುದಿಯಲ್ಲೂ ಒಣಗಿದ ಪುಷ್ಪಪತ್ರದ ಕುಚ್ಚು ಕಾಣುತ್ತದೆ. ನರ್ಸರಿಯಲ್ಲಿ ಎರಡನ್ನೂ ಕಸಿ ಮಾಡಿಯೇ ಮಾರುತ್ತಾರೆ. ಎರಡಕ್ಕೂ ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಇಷ್ಟೆಲ್ಲ ಹೋಲಿಕೆ ಇರುವುದರಿಂದಲೇ ಆರೈಕೆಯೂ ಒಂದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು.

ಸೇಬಿನ ಗಿಡಗಳಿಗೆ ಮೂರು ವರ್ಷ ತುಂಬಿದ ಅಕ್ಟೋಬರ್ ತಿಂಗಳಿನಲ್ಲಿ, ಗುಲಾಬಿಯನ್ನು ಸವರಿ ಮುಗಿಸಿದ ಕತ್ತರಿಯನ್ನು ಕೆಳಗಿಡದೆ, ಸೇಬಿನ ರೆಂಬೆಗಳನ್ನೂ ಅದೇ ರೀತಿ ಅರ್ಧಕ್ಕೆ ಅರ್ಧ ಕತ್ತರಿಸಿ ಅಚ್ಚುಕಟ್ಟು ಮಾಡಿದೆ. ಒಂದೂವರೆ ತಿಂಗಳಿನಲ್ಲಿ ಗುಲಾಬಿ ಮೈತುಂಬ ಹೂ ಬಿಟ್ಟಿತು. ಸೇಬಿನ ಮರದಲ್ಲಿ ಮಾತ್ರ ಆಳೆತ್ತರದ ಕೋಲುಗಳು ನೆಟ್ಟಗೆ ಮೇಲೆದ್ದವೇ ಹೊರತು ಆ ವರ್ಷ ಒಂದು ಹೂವೂ ಕಾಣಲಿಲ್ಲ, ಮರುವರ್ಷವೂ ಕಾಣಲಿಲ್ಲ. ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಗಿಡವಾದ್ದರಿಂದ ಕತ್ತರಿಸಿದಷ್ಟೂ ಚಿಗುರುತ್ತದೆ, ಚಿಗುರಿದಷ್ಟೂ ಹೂ ಕೊಡುತ್ತದೆ. ಸೇಬು ಹೆಚ್ಚಾಗಿ ಹಳೆಯ ರೆಂಬೆಗಳ ಮೇಲಿನ ಮೋಟು ಕಡ್ಡಿಗಳಲ್ಲಿ ಹೂ ಬಿಡುತ್ತದೆ. ಹತ್ತಿರದಿಂದ ನೋಡಿದರೆ ಈ ಕಡ್ಡಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದವಿದ್ದು, ಮೈಯೆಲ್ಲ ಬಳೆ ಬಳೆಯಾಗಿ ಸುಕ್ಕುಗಟ್ಟಿ, ತುದಿಯಲ್ಲಿ ದಪ್ಪನೆಯ, ನವಿರು ರೋಮಗಳ ಒಂದು ಮೊಗ್ಗನ್ನು ಹೊತ್ತಿರುತ್ತದೆ. ಒಣಕಲು ಎಂದು ನಾನು ಕಿತ್ತು ಬಿಸಾಡಿದ್ದು ಅವುಗಳನ್ನೇ. ಸೇಬಿನಲ್ಲಿ ಒಣಗಿದ ರೆಂಬೆ, ಒಂದರ ಮೇಲೊಂದು ಉಜ್ಜುವ ರೆಂಬೆ, ಮರದ ಒಳಮುಖವಾಗಿ ಬೆಳೆದು ಗಾಳಿ ಬೆಳಕು ತಡೆಯುವ ರೆಂಬೆ, ಈ ಮೂರನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟದಿರುವುದು ಒಳ್ಳೆಯದು. ನೆಟ್ಟಗೆ ಏಳುವ ಕೋಲುಗಳನ್ನು ಕತ್ತರಿಸುವ ಬದಲು ಹಳೆಯ ಸೀರೆಯ ಅಂಚಿನಿಂದ ಕಟ್ಟಿ, ಗೂಟಕ್ಕೆ ಎಳೆದು, ನೆಲಕ್ಕೆ ಸಮನಾಗಿ ಬಾಗಿಸಿದರೆ ಅವೇ ಮುಂದೆ ಹೂ ಕೊಡುವ ರೆಂಬೆಗಳಾಗುತ್ತವೆ.

ಗುಲಾಬಿಯನ್ನು ಸವರುವ ಕ್ರಮ ಬೇರೆ. ಮಳೆಗಾಲ ಹಿಂದೆ ಸರಿದು ಬಿಸಿಲು ನಿಲ್ಲುವ ಅಕ್ಟೋಬರಿನಲ್ಲಿ, ಹೊರಮುಖವಾಗಿರುವ ಒಂದು ಕಣ್ಣನ್ನು, ಅಂದರೆ ಚಿಗುರು ಒಡೆಯುವ ಮೊಗ್ಗನ್ನು, ಆರಿಸಿಕೊಂಡು, ಅದರಿಂದ ಕಾಲು ಅಂಗುಲ ಮೇಲೆ ಓರೆಯಾಗಿ, ನೀರು ಕಣ್ಣಿನ ಕಡೆಗೆ ಇಳಿಯದಂತೆ ಕತ್ತರಿಸಬೇಕು. ಕತ್ತರಿ ಮೊಂಡಾಗಿದ್ದರೆ ಕಡ್ಡಿ ಜಜ್ಜಿ ಹೋಗಿ, ಆ ತುದಿಯಿಂದ ಕೆಳಗೆ ಕಪ್ಪಾಗುತ್ತಾ ಬಂದು ರೆಂಬೆಯೇ ಸಾಯುತ್ತದೆ. ಕತ್ತರಿಸಿದ ಬಾಯಿಗೆ ಮೈಲುತುತ್ತ ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ಪೇಸ್ಟನ್ನು ಹಚ್ಚಬೇಕು. ಕಸಿ ಗಂಟಿನ ಕೆಳಗಿನಿಂದ ತಿಳಿ ಹಸಿರಿನ, ಸಣ್ಣ ಎಲೆಯ ಚಿಗುರು ಅವಸರವಾಗಿ ಮೇಲೇಳುತ್ತಿದ್ದರೆ ಅದು ಬೇರುಗಿಡದ, ಅಂದರೆ ಕಸಿಗೆ ಆಸರೆಯಾದ ಕೆಳಗಿನ ಗಿಡದ, ಚಿಗುರು. ಗಿಡ ಹುಲುಸಾಗುತ್ತಿದೆ ಎಂದು ಸಂತೋಷಪಡದೆ ಬುಡಸಮೇತ ಕೀಳಬೇಕು. ಸೇಬಿಗೂ ಈ ಮಾತು ಅನ್ವಯಿಸುತ್ತದೆ. ನೆಡುವಾಗ ಎರಡು ಗಿಡಗಳಲ್ಲೂ ಕಸಿ ಗಂಟು ಮಣ್ಣಿನಿಂದ ಮೇಲೆಯೇ ಇರಲಿ; ಸೇಬಿನಲ್ಲಿ ಒಂದು ಗೇಣಿನ ಹತ್ತಿರ ಇದ್ದರೂ ತಪ್ಪಿಲ್ಲ.

ಗುಲಾಬಿ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ಮರಳು ಸಾಕು. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಗಳಿಗೊಮ್ಮೆ ಬುಡಕ್ಕೆ ಹಾಕಿದರೆ ಹೂವಿನ ಗಾತ್ರದಲ್ಲಿ ವ್ಯತ್ಯಾಸ ಕಾಣುತ್ತದೆ, ವಾಸನೆಯನ್ನು ಮಾತ್ರ ಅಕ್ಕಪಕ್ಕದವರು ಒಂದು ದಿನ ಸಹಿಸಿಕೊಳ್ಳಬೇಕು. ಅಕ್ಕಿ ತೊಳೆದ ನೀರು ಆಗಬಹುದು. ಉಪ್ಪು ಬಿದ್ದ ಯಾವ ಅಡುಗೆಯ ನೀರನ್ನೂ ಹಾಕಬಾರದು. ಸಂಜೆ ಎಲೆಗಳ ಮೇಲೆ ನೀರು ಹೊಯ್ದರೆ ಕಪ್ಪು ಚುಕ್ಕೆ ರೋಗವನ್ನು ನಾವೇ ಕರೆದಂತಾಗುತ್ತದೆ. ಬೆಳಿಗ್ಗೆ, ಬುಡಕ್ಕೆ ಮಾತ್ರ.

ಸೇಬಿನ ಕಷ್ಟ ಮಣ್ಣಿನದಲ್ಲ, ಚಳಿಯದು. ಶೀತ ಪ್ರದೇಶದ ಸಾಮಾನ್ಯ ಸೇಬಿನ ತಳಿಗಳು ಎಲೆ ಉದುರಿಸಿ ಮಲಗಿದ ಮೇಲೆ ಮತ್ತೆ ಎಚ್ಚರಗೊಳ್ಳಲು, ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿ 800ರಿಂದ 1200 ಗಂಟೆಗಳಷ್ಟು ಬೇಕಾಗುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನವೇ 1884ರ ಜನವರಿಯ 7.8 ಡಿಗ್ರಿ. ಅಂದರೆ ಆ ಲೆಕ್ಕದ ಒಂದು ಗಂಟೆಯೂ ನಮ್ಮ ಪಾಲಿಗೆ ಬಂದಿಲ್ಲ. ಹೀಗಿದ್ದೂ ಕಳೆದ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ತೋಟಗಳಲ್ಲಿ ರೋಮ್ ಬ್ಯೂಟಿ ಎಂಬ ಸೇಬನ್ನು ಬೆಳೆಯುತ್ತಿದ್ದರು. ಇಂಡೋನೇಷ್ಯಾದ ಜಾವಾ ದ್ವೀಪದ ಬಾಟು ಎಂಬ ಬೆಟ್ಟದೂರಿನ ರೈತರು ಅದೇ ತಳಿಯಿಂದ ವರ್ಷಕ್ಕೆ ಎರಡು ಫಸಲು ತೆಗೆಯುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಅದರ ಗುಟ್ಟು, ಮರವನ್ನು ಗಾಢ ನಿದ್ರೆಗೆ ಹೋಗಲು ಬಿಡದೆ, ಕೈಯಿಂದಲೇ ಎಲೆ ಕಿತ್ತು ಎಬ್ಬಿಸುವುದು.

ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ನವೆಂಬರಿನಲ್ಲಿ ಮೂರು ವಾರ ನೀರನ್ನು ಬಹಳ ಮಿತಗೊಳಿಸಿ, ಡಿಸೆಂಬರ್ ಮೊದಲ ವಾರದಲ್ಲಿ ಮರದ ಎಲ್ಲ ಎಲೆಗಳನ್ನೂ ಒಂದೊಂದಾಗಿ, ತೊಟ್ಟಿನ ತುಣುಕು ರೆಂಬೆಯಲ್ಲೇ ಉಳಿಯುವಂತೆ, ಮೇಲ್ಮುಖವಾಗಿ ಎಳೆದು ಕೀಳುತ್ತೇನೆ. ಕೆಳಕ್ಕೆ ಜಗ್ಗಿದರೆ ಎಲೆಯ ಕಂಕುಳಲ್ಲಿರುವ ಕಣ್ಣೂ ಸಿಪ್ಪೆಯೊಡನೆ ಕಿತ್ತು ಬರುತ್ತದೆ. ಎಲೆ ಕಿತ್ತ ವಾರದ ನಂತರ ಗೊಬ್ಬರ ಕೊಟ್ಟು ನೀರು ಹರಿಸಿದರೆ, ಕೆಲವು ವಾರಗಳಲ್ಲಿ ಮೊಗ್ಗು ಉಬ್ಬಿ, ಮೊದಲು ಗುಲಾಬಿ ಬಣ್ಣ ತೋರಿಸಿ, ಆಮೇಲೆ ಬೆಳ್ಳಗೆ ಅರಳುತ್ತದೆ. ಗೊಂಚಲಿನಲ್ಲಿ ಐದಾರು ಹೂಗಳಿದ್ದು, ನಡುವಿನದು ಮೊದಲು ಬಿರಿಯುತ್ತದೆ. ಕಾಯಿ ಕಟ್ಟಿದ ಮೇಲೆ ಗೊಂಚಲಿಗೆ ಒಂದನ್ನೋ ಎರಡನ್ನೋ ಉಳಿಸಿ ಮಿಕ್ಕವನ್ನು ಚಿವುಟಿ ಹಾಕಬೇಕು. ಕೈ ಬರುವುದಿಲ್ಲ, ಆದರೂ ಚಿವುಟಬೇಕು.

ತಳಿಯ ಆಯ್ಕೆಯಲ್ಲಿ ಎಚ್ಚರ ವಹಿಸಬೇಕು. ಇಸ್ರೇಲಿನಲ್ಲಿ ಅಭಿವೃದ್ಧಿಪಡಿಸಿದ ಅನ್ನಾ, ಬಹಾಮಾಸ್ ದ್ವೀಪದ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸ್ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಕಂಡುಕೊಂಡ ಎಚ್‌ಆರ್‌ಎಂಎನ್-99, ಈ ಮೂರು ಕಡಿಮೆ ಚಳಿಯ ತಳಿಗಳು ನಮ್ಮ ಹವೆಗೆ ಸಲ್ಲುತ್ತವೆ. ಹರಿಮನ್ ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್ ಒಂದೇ ಹೊತ್ತಿಗೆ ಹೂ ಬಿಟ್ಟು ಪರಸ್ಪರ ಪರಾಗ ಒದಗಿಸುವುದರಿಂದ ನಾನು ಆ ಜೋಡಿಯನ್ನೇ ಹತ್ತಡಿ ಅಂತರದಲ್ಲಿ ಹಾಕಿದ್ದೇನೆ. ಒಂಟಿ ಅನ್ನಾ ಗಿಡ ಸ್ವಲ್ಪ ಕಾಯಿ ಕಟ್ಟಿದರೂ ಜೊತೆ ಇದ್ದರೆ ಫಸಲು ಬೇರೆಯೇ. ಗುಲಾಬಿಗೆ ಇಂಥ ಜೊತೆಯ ಹಂಗಿಲ್ಲ. 30×40 ಸೈಟಿನಲ್ಲಿ ಮನೆ ಕಟ್ಟಿ ತಾರಸಿಯನ್ನೇ ತೋಟ ಮಾಡಿಕೊಂಡವರು, ನೂರು ಲೀಟರಿನ ಡ್ರಮ್ಮಿನಲ್ಲಿ ಒದ್ದೆ ಮಣ್ಣು ತುಂಬಿದರೆ ಒಂದೂವರೆ ಕ್ವಿಂಟಾಲಿಗೂ ಹೆಚ್ಚು ತೂಗುತ್ತದೆ ಎಂಬುದನ್ನು ನೆನಪಿಟ್ಟು, ಅಂಥ ಎರಡು ಡ್ರಮ್ಮುಗಳನ್ನು ತೊಲೆಯ ನೇರಕ್ಕೇ ಇಡಬೇಕು. ಹನ್ನೆರಡು ಅಂಗುಲದ ಗುಲಾಬಿ ಕುಂಡವನ್ನಾದರೆ ನನ್ನ ವಯಸ್ಸಿನಲ್ಲೂ ಎಳೆದು ಬಿಸಿಲಿಗೆ ಸರಿಸಬಹುದು.

ಹಣ್ಣಿನ ವಿಷಯದಲ್ಲಿ ಆಸೆ ಮಿತವಾಗಿರಲಿ. ನಮ್ಮಲ್ಲಿ ಆಗುವುದು ಮಧ್ಯಮ ಗಾತ್ರದ ಸೀಬೆಯಷ್ಟು ಹಣ್ಣು. ರಾತ್ರಿಯ ಚಳಿ ಸಾಲದೆ ಒಂದು ಕೆನ್ನೆ ಮಾತ್ರ ತೆಳುವಾಗಿ ಕೆಂಪಾಗುತ್ತದೆ. ಮೇ ಕೊನೆಗೆ ಕೊಯ್ದು ಅಂದೇ ತಿಂದರೆ ಗರಿಗರಿಯಾಗಿ, ಹುಳಿಸಿಹಿಯಾಗಿ ಇರುತ್ತದೆ. ವಾರ ಇಟ್ಟರೆ ಮೆತ್ತಗಾಗುವುದರಿಂದ ಗೊಜ್ಜಿಗೆ ಹಾಕುತ್ತೇನೆ. ಗಿಳಿ, ಅಳಿಲು, ಬಾವಲಿ ಮೂವರೂ ಪಾಲುದಾರರು. ಹರಿದ ಸೊಳ್ಳೆಪರದೆಯಿಂದ ಪುಟ್ಟ ಚೀಲಗಳನ್ನು ಹೊಲಿದು ಕಾಯಿ ನಿಂಬೆ ಗಾತ್ರವಾದಾಗಲೇ ಕಟ್ಟಿದರೆ ಹಣ್ಣುನೊಣದ ಕಾಟವೂ ತಪ್ಪುತ್ತದೆ. ಎಳೆ ಚಿಗುರಿಗೆ ಹೇನು ಬಿದ್ದರೆ ಎರಡಕ್ಕೂ ಒಂದೇ ಔಷಧ: ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕಲಕಲು ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಬಿಸಿಲು ಇಳಿದ ಮೇಲೆ ಸಿಂಪಡಣೆ.

ಅಂಗಡಿಯಿಂದ ತಂದ ಸೇಬಿನ ಬೀಜವನ್ನೇ ಹಾಕಬಾರದೇ ಎಂದು ಕೇಳುವವರೂ ಇದ್ದಾರೆ. ಮೊಳೆಯುವುದು ಕಷ್ಟವಲ್ಲ. ನಮ್ಮ ಮೊಮ್ಮಗ ಎಂಟು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಫ್ರಿಜ್ಜಿನಲ್ಲಿ ಹುಣಸೆಹಣ್ಣಿನ ಭರಣಿಯ ಹಿಂದೆ ಎರಡೂವರೆ ತಿಂಗಳು ಅಡಗಿಸಿಟ್ಟಿದ್ದ. ಅವುಗಳಲ್ಲಿ ಮೂರು ಬೆಳ್ಳನೆಯ ಬೇರು ಬಿಟ್ಟವು. ಆದರೆ ಬೀಜದ ಗಿಡ ತಾಯಿಯಂಥ ಹಣ್ಣನ್ನು ಕೊಡುವುದಿಲ್ಲ, ಕೊಡುವುದಕ್ಕೂ ಆರರಿಂದ ಹತ್ತು ವರ್ಷ ಹಿಡಿಯುತ್ತದೆ, ಚಳಿ ಬೇಡುವ ತಳಿಯದಾದರೆ ಇಲ್ಲಿ ಹೂ ಬಿಡದೆಯೂ ಉಳಿಯಬಹುದು. ಮೂರರಲ್ಲಿ ಬದುಕಿದ ಒಂದು ಸಸಿ ಈಗ ಮೊಣಕಾಲೆತ್ತರವಾಗಿದೆ. ಬರುವ ಚಳಿಗಾಲದಲ್ಲಿ ಅದರ ಕಾಂಡ ಪೆನ್ಸಿಲಿನಷ್ಟು ದಪ್ಪವಾದರೆ, ಅನ್ನಾ ಮರದ ಒಂದು ಕಡ್ಡಿಯನ್ನು ತಂದು ಅದರ ಮೇಲೆ ಕಸಿ ಕಟ್ಟಬೇಕೆಂದಿದ್ದೇನೆ.