ಇತಿಹಾಸ ತಜ್ಞರನ್ನು ಮಾತನಾಡಿಸುವುದು ಹೇಗೆ?

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳು, ಗ್ರಂಥಾಲಯಗಳು, ಯುವಕ ಸಂಘಗಳು ಇತಿಹಾಸ ತಜ್ಞರನ್ನು ಕರೆಸಲು ಓಡಾಡುತ್ತವೆ. ಒಳ್ಳೆಯ ಕೆಲಸವೇ. ಆದರೆ ಬಹುಪಾಲು ಕಡೆ ಎಡವುವುದು ಒಂದೇ ಜಾಗದಲ್ಲಿ. ಪ್ರಶ್ನೆ ಕೇಳಬೇಕಾದವರು ‘ಬಹಮನಿಗಳ ಕೊಡುಗೆ ಬಗ್ಗೆ ಹೇಳ್ರಿ ಸರ್’ ಎಂದು ಮೈಕು ಕೊಟ್ಟು ಸುಮ್ಮನೆ ಕುಳಿತುಬಿಡುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಇಡೀ ರಾಜವಂಶ ಮುಗಿಯುತ್ತದೆ, ಕೇಳಿದ ಹುಡುಗರಿಗೆ ಒಂದು ಹೆಸರೂ ನೆನಪಿರುವುದಿಲ್ಲ. ಅದು ತಜ್ಞರ ತಪ್ಪಲ್ಲ. ಅಂಥ ಪ್ರಶ್ನೆಗೆ ಅಂಥದೇ ಉತ್ತರ ಬರುತ್ತದೆ.

ಮೊದಲ ಕೆಲಸ, ವಿಷಯವನ್ನು ಕಿರಿದು ಮಾಡುವುದು. ರಾಜವಂಶ ಬೇಡ, ಒಬ್ಬ ವ್ಯಕ್ತಿ, ಒಂದು ತಿರುವು, ಒಂದು ಇಸವಿ ಸಾಕು. ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಯಾಕೆ ಒಯ್ದ? 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಏಳಲು ಏನು ಕಾರಣ? 1481ರಲ್ಲಿ ಬಹಮನಿಗಳ ಪ್ರಧಾನಿ ಮಹಮೂದ್ ಗವಾನನ ತಲೆ ತೆಗೆಸಿದ್ದು ಯಾಕೆ? ಇವುಗಳಲ್ಲಿ ಯಾವುದೊಂದನ್ನು ಹಿಡಿದರೂ ಒಂದು ಸಂಜೆ ತುಂಬುತ್ತದೆ.

ತಜ್ಞರನ್ನು ಹುದ್ದೆ ನೋಡಿ ಕರೆಯಬೇಡಿ, ಆ ವಿಷಯದ ಮೇಲೆ ಕೆಲಸ ಮಾಡಿದವರನ್ನೇ ಕರೆಯಿರಿ. ಮೊದಲೇ ಒಮ್ಮೆ ಫೋನಿನಲ್ಲಿ ಮಾತನಾಡಿ. ಆದರೆ ಎಲ್ಲ ಪ್ರಶ್ನೆಗಳನ್ನೂ ಅಲ್ಲಿಯೇ ಕೇಳಿಬಿಟ್ಟರೆ ವೇದಿಕೆಯ ಮೇಲೆ ಒಣ ಉತ್ತರ ಬರುತ್ತದೆ.

ಆಮೇಲೆ, ಪ್ರಶ್ನೆ ಕೇಳುವವರು ಜಾಗವನ್ನು ಕಣ್ಣಾರೆ ನೋಡಿರಲೇಬೇಕು. ಗವಾನನ ಬಗ್ಗೆಯಾದರೆ ಬೀದರಿನ ಮದರಸಾಕ್ಕೆ ಹೋಗಿ ಮುಂದಿನ ಗೋಡೆಯ ಹತ್ತಿರ ನಿಲ್ಲಿ. ನೀಲಿ, ಬಿಳಿ, ಹಳದಿ ಹೆಂಚುಗಳು ಅಲ್ಲಲ್ಲಿ ಉದುರಿ ಒಳಗಿನ ಗಾರೆ ಕಾಣುತ್ತದೆ. ಉಳಿದಿರುವ ಒಂದೇ ಮಿನಾರಿನ ಮೇಲೆ ಅಂಕುಡೊಂಕಾದ ಪಟ್ಟಿಗಳು ಇನ್ನೂ ಗೊತ್ತಾಗುತ್ತವೆ. 1472ರಲ್ಲಿ ಮುಗಿದ ಕಟ್ಟಡವಿದು; 1696ರಲ್ಲಿ ಮದ್ದು ಸಿಡಿದು ಒಂದು ಪಾಲು ಕುಸಿಯಿತು. ಇದನ್ನು ನೋಡಿ ಬಂದವರ ಪ್ರಶ್ನೆಯೇ ಬೇರೆ: ಅಷ್ಟು ದೂರದ ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದವನು ಇಂಥದ್ದನ್ನು ಕಟ್ಟಿಸುವಷ್ಟು ಮೇಲಕ್ಕೆ ಹೇಗೆ ಏರಿದ?

ಈಗ ಕಠಿಣ ಭಾಗ, ಪ್ರಶ್ನೆಗಳ ಸಾಲು. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ.

‘ಏನಾಯಿತು’ ಎಂಬುದರಿಂದ ಶುರು ಮಾಡಿ, ‘ಎಷ್ಟು ದೊಡ್ಡವನು’ ಎಂಬುದರಿಂದ ಬೇಡ. ಗವಾನನ ಕತೆ ಹೀಗೆ ಬರುತ್ತದೆ: ವಿರೋಧಿ ಅಮೀರರು ಅವನ ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಅದರ ಮೇಲೆ ಪತ್ರ ಬರೆದು ಸುಲ್ತಾನ ಮೂರನೇ ಮುಹಮ್ಮದನಿಗೆ ತೋರಿಸಿದರು. ಏಪ್ರಿಲ್ 5ರಂದು ಗವಾನನ ತಲೆ ಉರುಳಿತು. ಇಷ್ಟಕ್ಕೆ ಸಭೆ ನಿಮ್ಮದಾಗುತ್ತದೆ.

ಎರಡನೆಯದು, ‘ಯಾರಿಗೆ ಏನು ನಷ್ಟವಾಗಿತ್ತು?’ ಗವಾನ್ ನಾಲ್ಕು ತರಫುಗಳನ್ನು (ಪ್ರಾಂತಗಳನ್ನು) ಎಂಟು ಮಾಡಿದ್ದ, ಭೂಮಿ ಅಳೆಯಿಸಿದ್ದ, ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ ಉಳಿಯುವಂತೆ ಮಾಡಿದ್ದ. ಅದರ ಮೇಲೆ ಇಲ್ಲಿಯವರೇ ಆದ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಅಫಾಕಿಗಳ ಜಗಳ ಬೇರೆ. ತಜ್ಞರು ಇದನ್ನು ಬಿಡಿಸಿ ಹೇಳಿದರೆ ಪತ್ರದ ಹಿಂದಿನ ಕೈ ತಾನಾಗಿ ಕಾಣುತ್ತದೆ.

ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅದನ್ನು ಕೇಳದೆ ಏಳಲೇಬೇಡಿ: ‘ಸರ್, ಇದು ನಮಗ ಹ್ಯಾಂಗ ಗೊತ್ತಾತು? ಬರದವರು ಯಾರು, ಯಾವಾಗ?’ ಕೆಲವರು ಇದನ್ನು ಮರ್ಯಾದೆಗೇಡು ಅಂದುಕೊಂಡಿದ್ದಾರೆ. ನಿಜವಾದ ಸಂಶೋಧಕರ ಮುಖ ಅರಳುವುದು ಈ ಪ್ರಶ್ನೆಗೇ. ಪರ್ಷಿಯನ್ ಇತಿಹಾಸಕಾರ ಫರಿಶ್ತಾ ಈ ಕತೆ ಬರೆದದ್ದು ಘಟನೆಯಾಗಿ ನೂರು ವರ್ಷ ದಾಟಿದ ಮೇಲೆ, ಬಿಜಾಪುರದ ಆಶ್ರಯದಲ್ಲಿ ಕುಳಿತು. ಗವಾನ್ ಸ್ವತಃ ಬರೆದ ಪತ್ರಗಳ ಸಂಗ್ರಹವೂ ಉಳಿದಿದೆ. ಅವನು ಬದುಕಿದ್ದಾಗಲೇ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ನಿಕಿತಿನ್, ಅಮೀರರ ವೈಭವವನ್ನೂ ಹಳ್ಳಿಯವರ ಬಡತನವನ್ನೂ ಒಟ್ಟಿಗೆ ಬರೆದಿಟ್ಟ. ಈ ಮೂರನ್ನೂ ಎದುರಿಗಿಟ್ಟು ಯಾವುದನ್ನು ಎಷ್ಟು ನಂಬಬೇಕೆಂದು ತಜ್ಞರು ತೂಗಿ ಹೇಳುವುದನ್ನು ಕೇಳಿದ ಹುಡುಗ ಇತಿಹಾಸವನ್ನು ಬಾಯಿಪಾಠ ಮಾಡುವುದಿಲ್ಲ. ಸುರಪುರದ ವಿಷಯದಲ್ಲೂ ಹೀಗೆಯೇ. ವೆಂಕಟಪ್ಪ ನಾಯಕನ ಬಗ್ಗೆ ವಿವರವಾಗಿ ಬರೆದ ಮೆಡೋಸ್ ಟೇಲರ್, ಅವನ ಬಾಲ್ಯದಲ್ಲಿ ಸಂಸ್ಥಾನ ನೋಡಿಕೊಂಡ ಬ್ರಿಟಿಷ್ ಅಧಿಕಾರಿಯೇ. ಆ ಅಕ್ಕರೆ, ಆ ಅಧಿಕಾರ ಎರಡೂ ಅವನ ಬರಹದಲ್ಲಿವೆ.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ತಜ್ಞರು ನಾಲ್ಕು ಗಳಿಗೆ ಯೋಚಿಸಿದರೆ ಯೋಚಿಸಲಿ, ನಡುವೆ ‘ಹೌದು ಸರ್, ಹೌದು ಸರ್’ ಬೇಡ. ಇಸವಿಗಳ ಪಟ್ಟಿಗೆ ಇಳಿದರೆ ಮಾತ್ರ ಮೆಲ್ಲಗೆ ಎಳೆದುತನ್ನಿ: ‘ಸರ್, ಆ ಪತ್ರ ಸುಲ್ತಾನನ ಕೈಗೆ ಬಂದ ಹೊತ್ತಿಗೆ ಮತ್ತೆ ಹೋಗೋಣ.’ ‘ಗವಾನ್ ಬದುಕಿದ್ದರೆ ರಾಜ್ಯ ಉಳಿಯುತ್ತಿತ್ತೇ?’ ಎಂಬುದನ್ನು ಕೊನೆಗೆ ಕೇಳಿ. ರಾಜ್ಯ ಐದಾಗಿ ಒಡೆದದ್ದು ಒಬ್ಬನ ಸಾವಿನಿಂದಲೋ, ಮೊದಲೇ ಬಿಟ್ಟಿದ್ದ ಬಿರುಕಿನಿಂದಲೋ ಎಂಬ ಚರ್ಚೆ ಅಲ್ಲಿಂದ ಏಳಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಮುಚ್ಚಿಟ್ಟ ಇತಿಹಾಸ’ದಿಂದ ಪ್ರಶ್ನೆ ತಯಾರಿಸಬೇಡಿ. ಮೊಬೈಲಿನ ಆ್ಯಪ್ ಬರೆದುಕೊಟ್ಟ ಹತ್ತು ಪ್ರಶ್ನೆಗಳೂ ಬೇಡ. ಅವನ್ನು ಬೀದರಿಗೂ ಕೇಳಬಹುದು, ದಿಲ್ಲಿಗೂ ಕೇಳಬಹುದು. ಅಗ್ಗದ ಕಾಲರ್ ಮೈಕುಗಳನ್ನಂತೂ ಕೊಳ್ಳಲೇಬೇಡಿ, ಫ್ಯಾನಿನ ಸದ್ದೇ ಜೋರಾಗಿ ರೆಕಾರ್ಡ್ ಆಗುತ್ತದೆ. ಇಬ್ಬರ ಮುಂದೆಯೂ ಒಂದೊಂದು ಫೋನ್ ಇಟ್ಟರೆ ಸಾಕು. ಹಾರ, ಶಾಲು, ಸ್ವಾಗತ ಎಲ್ಲ ಸೇರಿ ಐದು ನಿಮಿಷ ಮೀರಕೂಡದು.

ವಿಷಯ 1948 ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು. ನಿಜಾಮನ ಪರ ನಿಂತ ಸಶಸ್ತ್ರ ರಜಾಕಾರರ ಹಾವಳಿಯಲ್ಲಿ ನೊಂದ ಮನೆಗಳವರು ಸಭೆಯಲ್ಲಿ ಇರುತ್ತಾರೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ, ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಸುತ್ತ ನಡೆದ ಹಿಂಸೆಯಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳವರೂ ಇರುತ್ತಾರೆ. ಬೀದರ್ ಜಿಲ್ಲೆಯ ಗೊರಟಾದಲ್ಲಿ ರಜಾಕಾರರಿಂದ ಆದ ಹತ್ಯೆಯನ್ನು ಕೇಳಿ, ಕಾರ್ಯಾಚರಣೆಯ ಸುತ್ತಲಿನ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಪ್ರಕಟವಾಗದೆ ಇದ್ದದ್ದನ್ನೂ ಕೇಳಿ. ಒಂದನ್ನು ಮಾತ್ರ ಕೇಳಿ ಇನ್ನೊಂದನ್ನು ಬಿಟ್ಟರೆ ಅರ್ಧ ಸಭೆಗೆ ಅನ್ಯಾಯ ಮಾಡಿದಂತೆ. ಸಭಿಕರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹಿರಿಯರೊಬ್ಬರು ಎದ್ದು ತಮ್ಮ ತಂದೆ ಹೇಳಿದ್ದನ್ನು ಹೇಳತೊಡಗಿದರೆ ಅವರಿಗೆ ಚೀಟಿ ಕೊಡಬೇಡಿ, ಮೈಕು ಕೊಡಿ. ಆ ನೆನಪು ಕಡತದಲ್ಲಿರುವುದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತಜ್ಞರು ಗೌರವದಿಂದ ಹೇಳಲಿ.

ಮುಗಿದ ಮೇಲೆ ಹೆಸರು, ಇಸವಿಗಳನ್ನು ಬರೆದು ತಜ್ಞರಿಗೇ ಕಳಿಸಿ, ಅವರು ತಿದ್ದಿದ ನಂತರವೇ ಯೂಟ್ಯೂಬಿಗೆ ಹಾಕಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಊರಿನ ಗ್ರಂಥಾಲಯಕ್ಕೆ ಹೋಗಲಿ, ಮೇಲೆ ದಿನಾಂಕ ಮತ್ತು ಮಾತನಾಡಿದವರ ಹೆಸರು ಇರಲಿ.